ಹಡಗು ನಿಲ್ಲುವ ಹತ್ತು ಗಂಟೆ: ಕುಶಾದಸಿಯಲ್ಲಿ ನೋಡುವುದೇನು, ಬಿಡುವುದೇನು

ಪ್ರಶ್ನೆ: ನಾನು 66 ವರ್ಷದ ನಿವೃತ್ತ ಬ್ಯಾಂಕ್ ನೌಕರ, ಮೈಸೂರಿನವನು. ಮಗ ಜರ್ಮನಿಯಲ್ಲಿದ್ದಾನೆ. ಸೆಪ್ಟೆಂಬರ್ ಕೊನೆಯಲ್ಲಿ ಅವನು ನಮ್ಮಿಬ್ಬರನ್ನು ಅಥೆನ್ಸ್ ಬಳಿಯ ಪಿರೇಯಸ್ ಬಂದರಿನಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ಗ್ರೀಸಿನ ದ್ವೀಪಗಳಿಗೆ ಕರೆದೊಯ್ಯುತ್ತಿದ್ದಾನೆ. ನಡುವೆ ಒಂದು ದಿನ ಹಡಗು ಟರ್ಕಿಯ ಕುಶಾದಸಿಯಲ್ಲಿ ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ ನಿಲ್ಲುತ್ತದೆ. ಹತ್ತಿರದ ಎಫೆಸಸ್ ಎಂಬ ಪ್ರಾಚೀನ ಪಾಳುನಗರಕ್ಕೆ ಹಡಗಿನವರದೇ ಪ್ರವಾಸವಿದೆ, ಆದರೆ ದುಬಾರಿ. ನಾವೇ ಹೋಗಿಬರಬಹುದೇ? ನನ್ನ ಪತ್ನಿಗೆ ಮಂಡಿನೋವು. "ಹಂಪಿ ನೋಡಿದವರಿಗೆ ಇನ್ನೊಂದು ಕಲ್ಲಿನ ಊರು ಯಾಕೆ? ಸಮುದ್ರದ ದಂಡೆಯಲ್ಲೇ ಕುಳಿತಿರೋಣ" ಎನ್ನುತ್ತಾಳೆ. ಊರಿನಲ್ಲೇ ಇಡೀ ದಿನ ಕಳೆಯುವಂಥದ್ದು ಏನಾದರೂ ಇದೆಯೇ? ನಾವು ಸಸ್ಯಾಹಾರಿಗಳು. ಏನು ತಿನ್ನುವುದು, ಏನು ಕೊಳ್ಳುವುದು ಎಂಬುದನ್ನೂ ತಿಳಿಸಿ.

ಉತ್ತರ: ಊಟ, ಖರೀದಿಗಳಿಗೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಪಾಸ್‌ಪೋರ್ಟ್ ತೆಗೆದು, ಗ್ರೀಸ್, ಜರ್ಮನಿ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಪುಟ ನೋಡಿ. ಅದರಲ್ಲಿ ಒಂದೇ ಪ್ರವೇಶಕ್ಕೆ ಅನುಮತಿ ಇದ್ದರೆ ತೊಂದರೆ ಇದೆ. ಕುಶಾದಸಿಗೆ ಹೋದೊಡನೆ ನೀವು ಷೆಂಗೆನ್ ವಲಯದಿಂದ ಹೊರಬಂದಂತೆ, ಮರುದಿನ ಗ್ರೀಸಿನ ದ್ವೀಪಕ್ಕೆ ಕಾಲಿಟ್ಟರೆ ಅದು ಎರಡನೆಯ ಪ್ರವೇಶ. ಬಹುಪ್ರವೇಶದ ವೀಸಾ ಇರಲೇಬೇಕು. ಮಗ ಅಲ್ಲಿಯ ನಿವಾಸಿಯಾದ್ದರಿಂದ ಅವನಿಗೆ ಇದು ಹೊಳೆದೇ ಇರಲಿಕ್ಕಿಲ್ಲ. ಅಪ್ಪ ಅಮ್ಮಂದಿರ ಪ್ರವಾಸಗಳು ಎಡವುವುದು ಇಂಥ ಕಡೆಯಲ್ಲೇ. ಇನ್ನು ಟರ್ಕಿಯ ವೀಸಾ. ಭಾರತೀಯರಿಗೆ ಸಾಮಾನ್ಯವಾಗಿ ಅದು ಬೇಕು. ಆದರೆ ಹಡಗಿನಲ್ಲಿ ಬಂದು, ಬಂದರಿನ ಊರನ್ನೂ ಸುತ್ತಮುತ್ತಲನ್ನೂ ನೋಡಿ, 72 ಗಂಟೆಯೊಳಗೆ ಮರಳುವ ಪ್ರವಾಸಿಗಳಿಗೆ ಟರ್ಕಿ ವಿನಾಯಿತಿ ಕೊಡುತ್ತದೆ. ಹಾಗಿದ್ದರೂ ನಿಮ್ಮ ಹಡಗಿನ ಕಂಪನಿ ಏನು ಕೇಳುತ್ತದೆ ಎಂಬುದನ್ನು ಬರಹದಲ್ಲಿ ತರಿಸಿಕೊಳ್ಳಿ. ಕಾನೂನು ಬಿಟ್ಟರೂ ಹಡಗು ಹತ್ತಿಸಿಕೊಳ್ಳುವ ಮೇಜಿನವರು ಬಿಡಬೇಕಲ್ಲ.

ಈಗ ಗಂಟೆಗಳ ಲೆಕ್ಕ. ನೀವು ಬ್ಯಾಂಕಿನವರು, ಬೇಗ ಹಿಡಿಯುತ್ತೀರಿ. ಹಡಗು 7ಕ್ಕೆ ಬಂದರೂ ತಪಾಸಣೆ ಮುಗಿದು ಕೆಳಗಿಳಿಯುವಾಗ ಏಳೂವರೆ. 5ಕ್ಕೆ ಹೊರಡುವ ಹಡಗಿಗೆ ನಾಲ್ಕೂವರೆಗೆ ಹತ್ತಿರಬೇಕು, ನಾಲ್ಕಕ್ಕೆ ಬಂದರಿನ ಗೇಟಿನಲ್ಲಿರಬೇಕು. ಹತ್ತು ಗಂಟೆ ಎಂದದ್ದು ಎಂಟೂವರೆಯಾಯಿತು. ಊಟ, ಶೌಚಾಲಯ, ದಾರಿ ಕಳೆದರೆ ಉಳಿಯುವುದು ಆರು. ಆರು ಗಂಟೆಯಲ್ಲಿ ಎಫೆಸಸ್, ಮೇರಿ ಮಾತೆಯ ಮನೆ, ಸಂತ ಯೋಹಾನನ ಬಸಿಲಿಕಾ, ಬೆಟ್ಟದ ಮೇಲಿನ ಶಿರಿಂಜೆ ಹಳ್ಳಿ, ಸಮುದ್ರಸ್ನಾನ, ಬಜಾರು ಎಂದು ಪಟ್ಟಿ ಕೊಡುವ ಜಾಹೀರಾತುಗಳಿವೆ. ಆ ಪಟ್ಟಿ ಹಿಡಿದು ಹೋದವರಿಗೆ ನೆನಪಿನಲ್ಲಿ ಉಳಿಯುವುದು ಬಸ್ಸಿನ ಕಿಟಕಿ ಮಾತ್ರ.

ನನ್ನ ಸಲಹೆ ಎರಡೇ ಜಾಗಗಳದ್ದು: ಬೆಳಿಗ್ಗೆ ಎಫೆಸಸ್, ಮಧ್ಯಾಹ್ನ ಕುಶಾದಸಿ ಊರು. ಎಫೆಸಸ್ ಬೇಕೋ ಊರು ಬೇಕೋ ಎಂದು ನೀವಿಬ್ಬರೂ ವಾದಿಸುತ್ತಿದ್ದೀರಿ. ಆದರೆ ಅವು ಒಂದೇ ಕಥೆಯ ಎರಡು ತುದಿಗಳು. ನಿಮ್ಮ ಶ್ರೀಮತಿಯವರಿಗೆ ಈ ಕಥೆ ಹೇಳಿ ನೋಡಿ.

ನಿಮ್ಮ ಹಡಗು ಕುಶಾದಸಿಯಲ್ಲಿ ನಿಲ್ಲುವುದೇಕೆ? ಎಫೆಸಸ್‌ನಿಂದ ಸಮುದ್ರ ದೂರ ಹೋಯಿತು, ಅದಕ್ಕೆ. ರೋಮನರ ಕಾಲದಲ್ಲಿ ಎಫೆಸಸ್ ದೊಡ್ಡ ಬಂದರು, ಹಡಗುಗಳು ಊರಿನ ಬಾಗಿಲಿಗೇ ಬರುತ್ತಿದ್ದವು. ಪಕ್ಕದಲ್ಲೇ ಸಮುದ್ರ ಸೇರುತ್ತಿದ್ದ ನದಿಗೆ ಗ್ರೀಕರು ಕೇಸ್ಟರ್ ಎಂದರು, ಇಂದಿನ ಹೆಸರು ಕುಚುಕ್ ಮೆಂದೆರೆಸ್. ಅದು ವರ್ಷವರ್ಷವೂ ಹೂಳು ತಂದು ಬಂದರಿಗೆ ಸುರಿಯಿತು. ಕ್ರಿ.ಪೂ. 2ನೇ ಶತಮಾನದಲ್ಲಿ ಪೆರ್ಗಮಮ್‌ನ ರಾಜ ಎರಡನೆಯ ಅಟ್ಟಾಲಸ್ ಒಂದು ಉಪಾಯ ಹೂಡಿದ. ಬಂದರಿನ ಬಾಯಿಗೆ ಕಟ್ಟೆ ಕಟ್ಟಿ ಕಿರಿದು ಮಾಡಿದರೆ ಒಳಗೆ ನೀರು ಆಳವಾಗುತ್ತದೆ ಎಂಬುದು ಅವನ ಎಂಜಿನಿಯರುಗಳ ನಂಬಿಕೆ. ಆದದ್ದು ತಿರುಗುಮುರುಗು. ಮೊದಲು ಅಲೆಗಳ ಏರಿಳಿತ ಹೂಳನ್ನು ಅಷ್ಟೋ ಇಷ್ಟೋ ಹೊರಗೆ ಎಳೆದುಕೊಂಡು ಹೋಗುತ್ತಿತ್ತು, ಕಟ್ಟೆಯಾದ ಮೇಲೆ ಎಲ್ಲವೂ ಒಳಗೇ ಕುಳಿತಿತು. ಪ್ರಾಚೀನ ಭೂಗೋಳಜ್ಞ ಸ್ಟ್ರಾಬೋ ಇದನ್ನು ಬರೆದಿಟ್ಟಿದ್ದಾನೆ. ಮುಂದೆ ರೋಮನ್ ಚಕ್ರವರ್ತಿ ಹೇಡ್ರಿಯನ್ ನದಿಯ ಪಾತ್ರವನ್ನೇ ತಿರುಗಿಸಲು ನೋಡಿದ. ಅದೂ ಸಾಕಾಗಲಿಲ್ಲ. ಇಂದು ಸಮುದ್ರ ಅಲ್ಲಿಂದ ಐದಾರು ಕಿಲೋಮೀಟರ್ ಆಚೆ ಇದೆ. ಹಡಗುಗಳು ಬೇರೆ ದಂಡೆ ಹುಡುಕಿಕೊಂಡವು. ಇಟಲಿಯ ವ್ಯಾಪಾರಿಗಳು ದಕ್ಷಿಣಕ್ಕಿದ್ದ ಒಂದು ತೀರವನ್ನು ಸ್ಕಾಲಾ ನೋವಾ, ಎಂದರೆ ಹೊಸ ಇಳಿದಾಣ ಎಂದು ಕರೆದರು. ಅದೇ ಕುಶಾದಸಿ. ತುರ್ಕಿ ಭಾಷೆಯಲ್ಲಿ ಕುಶ್ ಎಂದರೆ ಹಕ್ಕಿ, ಅದಾ ಎಂದರೆ ದ್ವೀಪ, ಹಕ್ಕಿಗಳ ದ್ವೀಪ.

ಹಂಪಿಯಲ್ಲಿ ಇಂದಿಗೂ ತುಂಗಭದ್ರೆ ಪಕ್ಕದಲ್ಲೇ ಹರಿಯುತ್ತಿದೆ. ಎಫೆಸಸ್‌ನಲ್ಲಿ ಕಾಣಬೇಕಾದದ್ದು ನೀರಿಲ್ಲದ ಬಂದರು. ಶ್ರೀಮತಿಯವರ ಪ್ರಶ್ನೆಗೆ ಇದು ನನ್ನ ಉತ್ತರ. ಒಪ್ಪದಿದ್ದರೂ ಬೇಸರವಿಲ್ಲ, ಊರಿನಲ್ಲೇ ಇಡೀ ದಿನ ಕಳೆಯುವ ದಾರಿಯನ್ನೂ ಮುಂದೆ ಹೇಳಿದ್ದೇನೆ.

ಹೋಗುವ ಬಗೆ. ಕುಶಾದಸಿಯಿಂದ ಎಫೆಸಸ್‌ಗೆ ಸುಮಾರು 20 ಕಿಲೋಮೀಟರ್, ಕಾರಿನಲ್ಲಿ ಅರ್ಧ ಗಂಟೆ. ಹಡಗು ನೇರ ಕಟ್ಟೆಗೇ ತಾಗುತ್ತದೆ, ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿಯಂತೆ ಸಣ್ಣ ದೋಣಿಗೆ ಇಳಿದು ಹತ್ತುವ ಸರ್ಕಸ್ ಇಲ್ಲ. ಮಂಡಿನೋವಿನವರಿಗೆ ಇದೇ ಅರ್ಧ ನೆಮ್ಮದಿ. ನಿಮಗೆ ಮೂರು ದಾರಿಗಳಿವೆ. ಮೊದಲನೆಯದು ಹಡಗಿನವರ ಬಸ್ಸು. ಅದು ತಡವಾದರೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವರಿಗಾಗಿ ಕಾಯುವುದಿಲ್ಲ. ನೀವು ಕೊಡುವ ದುಬಾರಿ ಹಣದ ಒಂದು ಪಾಲು ಈ ಭರವಸೆಯ ಬೆಲೆ. ಎರಡನೆಯದು ದೋಲ್ಮುಶ್, ತುಂಬಿದ ಮೇಲೆ ಹೊರಡುವ ಮಿನಿಬಸ್ಸು. ಹೆಸರಿನ ಅರ್ಥವೇ ತುಂಬಿದ್ದು. ನಮ್ಮ ಹಳೆಯ ಮ್ಯಾಕ್ಸಿಕ್ಯಾಬುಗಳ ಸೋದರಸಂಬಂಧಿ. ಅಗ್ಗ, ಮಜವೂ ಇದೆ. ಆದರೆ ಅದು ಎಫೆಸಸ್‌ನ ಕೆಳಬಾಗಿಲಿಗೆ ಹೋಗುವ ರಸ್ತೆಯ ತಿರುವಿನಲ್ಲಿ ಇಳಿಸುತ್ತದೆ, ಅಲ್ಲಿಂದ ನಡೆದು ಏರುದಾರಿಯಲ್ಲಿ ಊರು ನೋಡಬೇಕು. ನಿಮಗೆ ಅದು ಬೇಡ. ಮೂರನೆಯದು ಖಾಸಗಿ ಕಾರು, ಜೊತೆಗೆ ಪರವಾನಗಿ ಇರುವ ಮಾರ್ಗದರ್ಶಿ. ಮೂವರಿದ್ದೀರಿ. ಹಡಗಿನ ಮೂರು ಟಿಕೆಟ್‌ಗಳ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ಕೂಡಿ ನೋಡಿ, ಬಹಳ ಸಲ ವ್ಯತ್ಯಾಸ ನೀವೆಣಿಸಿದಷ್ಟು ಇರುವುದಿಲ್ಲ. ನಾನು ಇದನ್ನೇ ಆರಿಸುತ್ತೇನೆ. ಟರ್ಕಿಯಲ್ಲಿ ಪರವಾನಗಿ ಇಲ್ಲದವರು ಮಾರ್ಗದರ್ಶನ ಮಾಡುವಂತಿಲ್ಲ. ಅಧಿಕೃತರ ಕೊರಳಲ್ಲಿ ಗುರುತಿನ ಚೀಟಿ ಇರುತ್ತದೆ. ಮೈಸೂರಿನಿಂದಲೇ ಮುಂಗಡ ಕಾದಿರಿಸಿ, ಬಂದರಿನ ಗೇಟಿನ ಹೊರಗೆ ಏಳೂಮುಕ್ಕಾಲಿಗೆ ನಿಲ್ಲುವಂತೆ ಹೇಳಿ. ಬರೀ ಟ್ಯಾಕ್ಸಿಯಾದರೆ, ಮೇಲಿನ ಬಾಗಿಲಲ್ಲಿ ಬಿಟ್ಟು ಎರಡು ಗಂಟೆಯ ಬಳಿಕ ಕೆಳಗಿನ ಬಾಗಿಲಲ್ಲಿ ಹತ್ತಿಸಿಕೊಳ್ಳುವುದಕ್ಕೆ, ಕಾಯುವಿಕೆಯೂ ಸೇರಿ ಎಷ್ಟು ಎಂದು ಚೀಟಿಯ ಮೇಲೆ ಬರೆಸಿಕೊಳ್ಳಿ. ಯೂರೋನೋ ಲಿರಾನೋ ಎಂಬುದೂ ಅದರಲ್ಲಿರಲಿ. ಹಣವನ್ನು ಕೊನೆಯಲ್ಲಿ ಕೊಡಿ.

ಯಾರ ಜೊತೆ ಹೋದರೂ ಒಂದು ಮಾತನ್ನು ಮೊದಲೇ ಖಚಿತ ಮಾಡಿಕೊಳ್ಳಿ: ದಾರಿಯಲ್ಲಿ ರತ್ನಗಂಬಳಿ ಅಂಗಡಿ ಇಲ್ಲ. ನನ್ನ ಮೊದಲ ಭೇಟಿಯಲ್ಲಿ ನಾವು ಸೇರಿಕೊಂಡ ಗುಂಪು ಎಫೆಸಸ್‌ನಲ್ಲಿ ಕಳೆದದ್ದು ಒಂದು ಗಂಟೆಗಿಂತ ಕಡಿಮೆ, ಗಂಬಳಿ ಅಂಗಡಿಯಲ್ಲಿ ಒಂದೂವರೆ ಗಂಟೆ. ನೇಯ್ಗೆಯ ಪ್ರಾತ್ಯಕ್ಷಿಕೆ ಚೆನ್ನಾಗಿಯೇ ಇತ್ತು. ಒಂದೊಂದು ಎಳೆಯನ್ನೂ ಎರಡು ಹಾಸುನೂಲುಗಳಿಗೆ ಸುತ್ತಿ ಹಾಕುವ ಅವರ ಗಂಟು ನೋಡಲು ಸೊಗಸು. ಆದರೆ ಸೇಬಿನ ಚಹಾ ಕೈಗೆ ಬಂದು, ಬಾಗಿಲು ಮುಚ್ಚಿ, ಒಂದಾದ ಮೇಲೊಂದು ಗಂಬಳಿ ಕಾಲಬುಡಕ್ಕೆ ಉರುಳತೊಡಗಿದ ಮೇಲೆ ಎದ್ದು ಬರುವುದಕ್ಕೆ ಗಟ್ಟಿ ಮನಸ್ಸು ಬೇಕು.

ಎಫೆಸಸ್ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ದೊಡ್ಡ ಬಸ್ಸುಗಳು ಸೇರುವ ಮುಂಚಿನ ಆ ಒಂದು ಗಂಟೆಯೇ ಚಿನ್ನ. 2024ರಲ್ಲಿ ಪ್ರವೇಶ ಶುಲ್ಕ 40 ಯೂರೋ ಇತ್ತು. ಕಣ್ಣು ಕುಕ್ಕುವ ಬೆಲೆಯೇ, ಅಲ್ಲಗಳೆಯುವುದಿಲ್ಲ. ಮೇಲಿನ ಬಾಗಿಲಿನಿಂದ ಹೊಕ್ಕರೆ ದಾರಿಯುದ್ದಕ್ಕೂ ಇಳಿಜಾರು. ಮಂಡಿಗೆ ಏರುವುದಕ್ಕಿಂತ ಇಳಿಯುವುದು ಕೆಲವೊಮ್ಮೆ ಕಷ್ಟ ಎಂಬುದನ್ನು ನಿಮ್ಮ ಶ್ರೀಮತಿಯವರು ನನಗಿಂತ ಚೆನ್ನಾಗಿ ಬಲ್ಲರು, ಆದ್ದರಿಂದ ಒಂದು ಊರುಗೋಲು ಇರಲಿ. ಕ್ಯುರೇಟ್ಸ್ ಬೀದಿಯ ಅಮೃತಶಿಲೆಯ ಹಾಸುಗಲ್ಲು ಎರಡು ಸಾವಿರ ವರ್ಷಗಳ ಕಾಲ್ತುಳಿತಕ್ಕೆ ಕನ್ನಡಿಯಂತಾಗಿದೆ, ಒದ್ದೆಯಾದರೆ ಜಾರುತ್ತದೆ. ಹಿಡಿತವಿರುವ ಬೂಟು ಹಾಕಲಿ, ಚಪ್ಪಲಿ ಬೇಡ. ನೆರಳು ಎಂಬುದು ಅಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಟೋಪಿ, ನೀರು ಮರೆಯಬೇಡಿ. ಶ್ರೀಮಂತರ ಮಹಡಿಮನೆಗಳ ವಿಭಾಗಕ್ಕೆ ಬೇರೆ ಟಿಕೆಟ್ ಇದೆ, ಒಳಗೆ ಮೆಟ್ಟಿಲುಗಳೇ ಮೆಟ್ಟಿಲು. ಗೋಡೆಚಿತ್ರಗಳೂ ಮೊಸಾಯಿಕ್ ನೆಲಗಳೂ ಅದ್ಭುತ. ಮಗ ಹೋಗಿಬರಲಿ, ನೀವಿಬ್ಬರೂ ಹೊರಗೆ ಬೆಕ್ಕುಗಳ ಜೊತೆ ಕುಳಿತಿರಿ. ಎಫೆಸಸ್‌ನ ಈಗಿನ ನಾಗರಿಕರು ಅವೇ.

ಇಳಿಜಾರಿನ ಕೊನೆಗೆ ಸೆಲ್ಸಸ್ ಗ್ರಂಥಾಲಯದ ಮುಖಮಂಟಪ ಎದುರಾಗುತ್ತದೆ. ರೋಮನ್ ಸಾಮ್ರಾಜ್ಯದ ಏಷ್ಯಾ ಎಂಬ ಪ್ರಾಂತದ ರಾಜ್ಯಪಾಲನಾಗಿದ್ದ ತಂದೆ ಸೆಲ್ಸಸ್‌ನ ನೆನಪಿಗೆ ಮಗ 2ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು. ತಂದೆಯ ಶವಪೆಟ್ಟಿಗೆ ಇಂದಿಗೂ ಅದರ ಕೆಳಗೇ ಇದೆ. ಗ್ರಂಥಾಲಯವೇ ಗೋರಿ. ಕುಸಿದು ಬಿದ್ದಿದ್ದ ಮುಖಮಂಟಪವನ್ನು 1970ರಿಂದ 1978ರ ನಡುವೆ ಆಸ್ಟ್ರಿಯಾದ ತಜ್ಞರು ಎತ್ತಿ ನಿಲ್ಲಿಸಿದರು. ಇಲ್ಲಿ ಒಂದು ಕಣ್ಕಟ್ಟು ಇದೆ, ಮಾರ್ಗದರ್ಶಿ ಹೇಳದಿದ್ದರೆ ಕೇಳಿ. ಅಕ್ಕಪಕ್ಕ ಬೇರೆ ಕಟ್ಟಡಗಳಿದ್ದು ಜಾಗ ಇಕ್ಕಟ್ಟಾಗಿತ್ತು. ಅದಕ್ಕೆ ಶಿಲ್ಪಿಗಳು ತಳದ ಜಗಲಿಯನ್ನು ನಡುವೆ ತುಸು ಉಬ್ಬಿಸಿ, ನಡುವಿನ ಕಂಬಗಳನ್ನು ಅಂಚಿನವುಗಳಿಗಿಂತ ದೊಡ್ಡದಾಗಿ ಮಾಡಿದರು. ಕಣ್ಣಿಗೆ ಅದು ಇರುವುದಕ್ಕಿಂತ ಅಗಲವಾಗಿ ತೋರುತ್ತದೆ. ಗೂಡುಗಳಲ್ಲಿರುವ ನಾಲ್ಕು ಸ್ತ್ರೀಮೂರ್ತಿಗಳು ಪ್ರತಿಕೃತಿಗಳು, ಮೂಲಗಳು ವಿಯೆನ್ನಾದಲ್ಲಿವೆ.

ಅಲ್ಲಿಂದ ಮುಂದೆ ಮಹಾ ರಂಗಮಂದಿರ, ಸುಮಾರು 25,000 ಜನ ಕೂರುವಂಥದ್ದು. ಮೇಲೆ ಹತ್ತಬೇಕಿಲ್ಲ. ಅದಕ್ಕೆ ಬೆನ್ನು ಮಾಡಿ ನಿಂತು ಎದುರಿನ ಬೀದಿ ನೋಡಿ. ಅರ್ಧ ಕಿಲೋಮೀಟರಿಗೂ ತುಸು ಹೆಚ್ಚು ಉದ್ದದ, ಎರಡೂ ಬದಿ ಕಂಬಗಳಿದ್ದ ಈ ಬೀದಿ ನೇರ ಬಂದರಿಗೆ ಹೋಗುತ್ತಿತ್ತು. ರಾತ್ರಿ ಅದಕ್ಕೆ ಬೀದಿದೀಪಗಳೂ ಇದ್ದವು. ದೂರದಿಂದ ಬಂದವರು ಹಡಗಿನಿಂದಿಳಿದು, ಇವತ್ತು ನೀವು ಇಳಿದಂತೆಯೇ, ಈ ದೀಪಗಳ ನಡುವೆ ಊರಿಗೆ ಬರುತ್ತಿದ್ದರು. ಈಗ ಬೀದಿಯ ಕೊನೆಯಲ್ಲಿ ಕಾಣುವುದು ಜೊಂಡು, ಹುಲ್ಲು, ಆಚೆಗೆ ಹೊಲ. ಹತ್ತು ನಿಮಿಷ ಅಲ್ಲಿ ಸುಮ್ಮನೆ ಕುಳಿತಿರಿ. ನಾನು ಎಫೆಸಸ್‌ಗೆ ಮತ್ತೆ ಮತ್ತೆ ಹೋಗುವುದು ಗ್ರಂಥಾಲಯಕ್ಕಾಗಿ ಅಲ್ಲ, ಈ ಬೀದಿಯ ತುದಿಗಾಗಿ.

ಇದೇ ರಂಗಮಂದಿರದಲ್ಲಿ ಒಮ್ಮೆ ನೆನಪಿನ ಕಾಣಿಕೆ ಮಾರುವವರ ಗಲಾಟೆ ನಡೆದಿತ್ತು. ಆರ್ಟೆಮಿಸ್ ದೇವಿಯ ಬೆಳ್ಳಿಯ ಪುಟ್ಟ ಗುಡಿಗಳನ್ನು ಮಾಡಿ ಮಾರುತ್ತಿದ್ದ ಅಕ್ಕಸಾಲಿ ದೆಮೇತ್ರಿಯಸ್, ಸಂತ ಪೌಲನ ಬೋಧನೆಯಿಂದ ತಮ್ಮ ವ್ಯಾಪಾರ ಕೆಡುತ್ತಿದೆ ಎಂದು ಕಸುಬಿನವರನ್ನೆಲ್ಲ ಎಬ್ಬಿಸಿದ ಪ್ರಸಂಗ ಬೈಬಲಿನ ಹೊಸ ಒಡಂಬಡಿಕೆಯಲ್ಲಿದೆ. ಆ ದೇವಿಯ ಮಹಾಮಂದಿರ ಪ್ರಾಚೀನ ಏಳು ಅದ್ಭುತಗಳಲ್ಲಿ ಒಂದು. ಜಾನ್ ಟರ್ಟಲ್ ವುಡ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ, ಇಜ್ಮಿರ್ ರೈಲುದಾರಿಯ ನಿಲ್ದಾಣಗಳ ಕೆಲಸಕ್ಕೆ ಬಂದವನು, ಅದರ ಹುಚ್ಚು ಹಿಡಿಸಿಕೊಂಡು 1863ರಲ್ಲಿ ಅಗೆತ ಶುರುಮಾಡಿದ. ರಂಗಮಂದಿರದಲ್ಲಿ ಸಿಕ್ಕ ಒಂದು ಶಾಸನ ದೇವಿಯ ಮೆರವಣಿಗೆ ಯಾವ ಬಾಗಿಲಿನಿಂದ ಬರುತ್ತದೆ ಎಂದು ಹೇಳಿತು. ಅವನು ಆ ಬಾಗಿಲು ಹುಡುಕಿ, ಮೆರವಣಿಗೆಯ ದಾರಿಯನ್ನೇ ಹಿಂದಕ್ಕೆ ಅಗೆಯುತ್ತ ಹೋಗಿ, 1869ರ ಡಿಸೆಂಬರ್ 31ರಂದು ಮಂದಿರದ ನೆಲ ಮುಟ್ಟಿದ. ಅದು ಆರು ಮೀಟರಿನಷ್ಟು ಹೂಳಿನ ಕೆಳಗಿತ್ತು. ಇಂದು ಅಲ್ಲಿ ಬಿಡಿ ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ಒಂದೇ ಕಂಬ, ಅದರ ತುದಿಯಲ್ಲಿ ಕೊಕ್ಕರೆಯ ಗೂಡು. ಸೆಲ್ಚುಕ್ ಪಟ್ಟಣದ ಅಂಚಿನಲ್ಲಿದೆ. ಕಾರು ಇದ್ದರೆ ಐದು ನಿಮಿಷ ನಿಲ್ಲಿಸಿ, ಅಷ್ಟೇ ಸಾಕು.

ಮೇರಿ ಮಾತೆಯ ಮನೆಯನ್ನು ಬಿಡಿ ಎಂದರೆ ಕೆಲವು ಓದುಗರಿಗೆ ಕೋಪ ಬರುತ್ತದೆ. ಮೂವರು ಪೋಪರು ಬಂದು ಹೋದ ಜಾಗ, ಕ್ರೈಸ್ತ ಭಕ್ತರಿಗೆ ಯಾತ್ರಾಸ್ಥಳ. ಅಂಥವರಿಗೆ ನಾನು ಎಫೆಸಸ್ ಬಿಟ್ಟಾದರೂ ಅಲ್ಲಿಗೆ ಹೋಗಿ ಎನ್ನುತ್ತೇನೆ. ನೀವು ಭಕ್ತಿಗಾಗಿ ಹೋಗುತ್ತಿಲ್ಲವಾದರೆ ಬೆಟ್ಟದ ಮೇಲಿನ ಆ ಸಣ್ಣ ಕಲ್ಲುಮನೆಗೆ ಒಂದು ಗಂಟೆಗೂ ಹೆಚ್ಚು ಕೊಡುವುದು ಈ ದಿನದ ಲೆಕ್ಕಕ್ಕೆ ಹೊಂದದು.

ಹನ್ನೊಂದರ ಹೊತ್ತಿಗೆ ಕುಶಾದಸಿಗೆ ಮರಳಿರುತ್ತೀರಿ. ಊರಿನಲ್ಲೇ ಇಡೀ ದಿನ ಇರುವವರಿಗೂ ಇದೇ ದಾರಿ, ನಿಧಾನ ಮಾತ್ರ ಹೆಚ್ಚು. ಬಂದರಿನ ಎದುರಿಗೇ ಕೋಟೆಯಂಥ ದಪ್ಪ ಗೋಡೆಯ ಕಟ್ಟಡವೊಂದಿದೆ. 1618ರಲ್ಲಿ ಒಟ್ಟೊಮನ್ ಪ್ರಧಾನ ವಜೀರ ಓಕುಜ್ ಮೆಹ್ಮೆದ್ ಪಾಶಾ ಕಟ್ಟಿಸಿದ ಕಾರವಾನ್ ಸರಾಯಿ, ಎಂದರೆ ವ್ಯಾಪಾರಿ ತಂಡಗಳು ತಂಗುವ ಛತ್ರ, ಅದು. ಓಕುಜ್ ಎಂದರೆ ಎತ್ತು. ಪ್ರಧಾನ ವಜೀರನಾದರೂ ಅಡ್ಡಹೆಸರು ಬಿಡಲಿಲ್ಲ ನೋಡಿ. ಹಡಗಿನ ಸರಕೂ ಒಂಟೆಯ ಸರಕೂ ಕೈಬದಲಾಗುತ್ತಿದ್ದ ಅಂಗಳ. ಬಾಗಿಲು ತೆರೆದಿದ್ದರೆ ಇಣುಕಿ ಬನ್ನಿ. ಅದರ ಹಿಂದಿನ ಗಲ್ಲಿಗಳೇ ಹಳೆಯ ಪೇಟೆ. ಕೈಯಿಂದ ಹಕ್ಕಿಗಳು ಹಾರುತ್ತಿರುವಂಥ ಪ್ರತಿಮೆ ಇರುವ ದಡದ ದಾರಿ ಹಿಡಿದು ದಕ್ಷಿಣಕ್ಕೆ ನಡೆದರೆ ಗುವೆರ್ಜಿನಾದಾ, ಪಾರಿವಾಳ ದ್ವೀಪ, ಸಿಗುತ್ತದೆ. ಹೆಸರಿಗಷ್ಟೇ ದ್ವೀಪ, ಕಲ್ಲಿನ ಕಟ್ಟೆಯ ಮೇಲೆ ನಡೆದೇ ಹೋಗಬಹುದು. ಮೇಲೆ ಸಣ್ಣ ಕೋಟೆ, ಸುತ್ತ ಹೂದೋಟ, ಕೆಳಗೆ ಪಾರದರ್ಶಕ ನೀರು. ನಿಮ್ಮ ಶ್ರೀಮತಿಯವರು ಕೇಳಿದ ಸಮುದ್ರದ ದಂಡೆ ಇದೇ. ಇಲ್ಲಿಂದ ತಿರುಗಿ ನೋಡಿದರೆ ಗುಡ್ಡದ ಮೇಲೆ ದೊಡ್ಡ ಬಿಳಿ ಅಕ್ಷರಗಳಲ್ಲಿ ಊರಿನ ಹೆಸರು, ಕೆಳಗೆ ನಿಮ್ಮದೇ ಹಡಗು. ಮಧ್ಯಾಹ್ನದ ಮೇಲೆ ಸಮುದ್ರದಿಂದ ಇಂಬಾತ್ ಗಾಳಿ ಎದ್ದರಂತೂ ಹೇಳುವುದೇ ಬೇಡ. ನೀರಿಗೆ ಇಳಿಯಬೇಕೆಂದಿದ್ದರೆ ದೋಲ್ಮುಶ್ ಹತ್ತಿ ಮೂರು ಕಿಲೋಮೀಟರ್ ದೂರದ ಕಾದಿನ್ಲಾರ್ ದೆನಿಜಿಗೆ ಹೋಗಿ. ಹೆಂಗಸರ ಕಡಲು ಎಂದು ಅದರರ್ಥ, ಈಗ ಎಲ್ಲರೂ ಈಜುತ್ತಾರೆ.

ಊಟದ ಚಿಂತೆ ಬೇಡ. ಏಜಿಯನ್ ತೀರದ ಅಡುಗೆ ತರಕಾರಿ, ಸೊಪ್ಪು, ಆಲಿವ್ ಎಣ್ಣೆಗಳದ್ದು. ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ಬೀನ್ಸ್, ಬದನೆ, ಪಲ್ಲೆಹೂವುಗಳಿಗೆ ಜೈತಿನ್‌ಯಾಲಿ ಎನ್ನುತ್ತಾರೆ, ಅವುಗಳಿಗೆ ಮಾಂಸ ಹಾಕುವುದಿಲ್ಲ. ಹೆಂಗಸರು ತೆಳ್ಳಗೆ ಲಟ್ಟಿಸಿ ಬಾಣಲೆಯ ಬೆನ್ನಿನಂಥ ಕಾವಲಿಯ ಮೇಲೆ ಬೇಯಿಸುವ ಗೋಜ್ಲೆಮೆ ಇದೆ. ಪಾಲಕ್ ಅಥವಾ ಆಲೂಗಡ್ಡೆಯದನ್ನು ಕೇಳಿ. ತಿಂದರೆ ನಮ್ಮ ಆಲೂ ಪರೋಟದ ತಂಗಿ ಎನಿಸುತ್ತದೆ. ಬೇಳೆಯ ಸೂಪು ಮೆರ್ಜಿಮೆಕ್ ರುಚಿಯಾಗಿರುತ್ತದೆ, ಆದರೆ ಕೆಲವರು ಮಾಂಸದ ಸಾರಿನಲ್ಲಿ ಕುದಿಸುತ್ತಾರೆ. "ಎತ್ ಸುಯು ವಾರ್ ಮಿ?" ಎಂದು ಕೇಳಿ: ಮಾಂಸದ ಸಾರು ಇದೆಯೇ ಎಂದರ್ಥ. ಬರೀ ಮಾಂಸ ಬೇಡ ಎಂದರೆ ಕೋಳಿ ಬಂದೀತು. "ಎತ್ ಯೋಕ್, ತಾವುಕ್ ಯೋಕ್, ಬಾಲಿಕ್ ಯೋಕ್" ಎಂದುಬಿಡಿ. ಮಾಂಸ, ಕೋಳಿ, ಮೀನು ಮೂರೂ ಇಲ್ಲ. ಮೊಟ್ಟೆ ಯುಮುರ್ತಾ, ಅದನ್ನೂ ತಿನ್ನದಿದ್ದರೆ ಸೇರಿಸಿಕೊಳ್ಳಿ. ಚಹಾಕ್ಕೆ ಹಾಲು ಕೇಳಬೇಡಿ, ಸಿಗುವುದಿಲ್ಲ; ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಕೆಂಪಗೆ ಬರುತ್ತದೆ.

ಭಾಷೆಗೂ ಅಷ್ಟು ಹೆದರಬೇಕಿಲ್ಲ. ಪಾರಸಿ, ಅರಬ್ಬಿಗಳಿಂದ ನಮಗೆ ಬಂದ ಎಷ್ಟೋ ಮಾತುಗಳು ಅವರಿಗೂ ಬಂದಿವೆ. ಸಾಬೂನಿಗೆ ಅವರು ಸಾಬುನ್, ಬಾದಾಮಿಗೆ ಬಾದೆಮ್, ಜೇಬಿಗೆ ಜೆಪ್, ಮೈದಾನಕ್ಕೆ ಮೆಯ್ದಾನ್ ಎನ್ನುತ್ತಾರೆ. ಬಿಲ್ಲು ಬೇಕಾದಾಗ "ಹೆಸಾಪ್" ಎನ್ನಿ. ಹಿಸಾಬು ತಾನೇ? ಬ್ಯಾಂಕಿನಲ್ಲಿ ಇಷ್ಟು ವರ್ಷ ಅದನ್ನೇ ಮಾಡಿದವರು ನೀವು.

ಕೊಳ್ಳುವುದಾದರೆ ಇಂಜಿರ್, ನಮ್ಮ ಅಂಜೂರವೇ. ಕುಶಾದಸಿ ಇರುವ ಐದಿನ್ ಪ್ರಾಂತ ಒಣ ಅಂಜೂರಕ್ಕೆ ಹೆಸರುವಾಸಿ, ಸೆಪ್ಟೆಂಬರ್ ಕೊನೆಗೆ ಹೊಸ ಬೆಳೆ ಬಂದಿರುತ್ತದೆ. ಅಂಗಡಿಯವರು ರುಚಿಗೆ ಕೊಡುತ್ತಾರೆ. ಮೆತ್ತಗೆ, ಒಳಗೆ ಜೇನಿನಂತಿದ್ದರೆ ತೆಗೆದುಕೊಳ್ಳಿ. ಆಲಿವ್ ಎಣ್ಣೆಯ ಸಾಬೂನು ಹಗುರ, ಹಂಚಲು ಸುಲಭ. ಲೋಕುಮ್ ಎಂಬ ಮಿಠಾಯಿ ಸಾಂಪ್ರದಾಯಿಕವಾಗಿ ಸಕ್ಕರೆ ಮತ್ತು ಪಿಷ್ಟದ್ದು, ಆದರೂ ಡಬ್ಬಿಯ ಮೇಲೆ ಜೆಲಟಿನ್ ಇಲ್ಲವೆಂದು ನೋಡಿಕೊಳ್ಳಿ. ಚರ್ಮದ ಕೋಟು, ಗಂಬಳಿ, ಕೈಗಡಿಯಾರಗಳ ಕಡೆ ಹೋಗಬೇಡಿ. "ಅಸಲಿ ನಕಲಿ ಗಡಿಯಾರಗಳು" ಎಂದು ಇಂಗ್ಲಿಷಿನಲ್ಲಿ ಬೋರ್ಡು ಹಾಕಿದ ಅಂಗಡಿಗಳು ಆ ಪೇಟೆಯಲ್ಲಿವೆ. ಅಷ್ಟು ಪ್ರಾಮಾಣಿಕರಿಗೆ ಮೋಸ ಹೋದರೆ ದೂರುವುದಕ್ಕೂ ಆಗುವುದಿಲ್ಲ.

ಗಡಿಯಾರದ ಮಾತು ಬಂದದ್ದರಿಂದ ಇದೊಂದು. ಸೆಪ್ಟೆಂಬರಿನಲ್ಲಿ ಗ್ರೀಸ್, ಟರ್ಕಿಗಳ ಸಮಯ ಒಂದೇ. ಪ್ರವಾಸ ನವೆಂಬರಿಗೆ ಮುಂದೂಡಿದರೆ ಮಾತ್ರ ಟರ್ಕಿ ಒಂದು ಗಂಟೆ ಮುಂದಿರುತ್ತದೆ, ಏಕೆಂದರೆ 2016ರಿಂದ ಅವರು ಚಳಿಗಾಲಕ್ಕೆ ಗಡಿಯಾರ ಹಿಂದಿಡುವುದನ್ನು ನಿಲ್ಲಿಸಿದ್ದಾರೆ. ಆಗ ಮೊಬೈಲು ಊರಿನ ಸಮಯ ತೋರಿಸುತ್ತದೆ, ಹಡಗು ತನ್ನದೇ ಸಮಯದಲ್ಲಿ ಹೊರಡಬಹುದು. ಇಳಿಯುವಾಗ ಬಾಗಿಲ ಬಳಿ ಬರೆದಿರುವ ಹಡಗಿನ ಸಮಯಕ್ಕೆ ಕೈಗಡಿಯಾರ ಹೊಂದಿಸಿಕೊಂಡು ಇಳಿಯಿರಿ. ಮೂರೂವರೆಯ ನಂತರ ಪೇಟೆಯಲ್ಲಿ ಯಾರು ಕರೆದು ಚಹಾ ಕೊಟ್ಟರೂ ಒಪ್ಪಬೇಡಿ. ಲೋಟ ಖಾಲಿಯಾಗುವುದಕ್ಕೆ ಅಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತದೆ.